ಸೋತ ಸರ್ಕಾರ ತೀರ್ಪಿಗೆ ತಲೆಬಾಗುವುದೇ?

ಕಾನೂನಿನ ಆಳ್ವಿಕೆಯ ಚರ್ಚೆ ವಕೀಲರಿಗೆ ಸೇರಿದ್ದೆಂಬ ಭಾವನೆ ನಮ್ಮ ವಾಣಿಜ್ಯೋದ್ಯಮ ವಲಯದಲ್ಲಿ ಇಂದಿಗೂ ಇದೆ. ಆದರೆ ಸಾಲದ ಮೇಲೆ ಸರಕು ಕಳುಹಿಸುವ ಪ್ರತಿಯೊಬ್ಬ ವರ್ತಕನೂ ದೇಶದ ನ್ಯಾಯವ್ಯವಸ್ಥೆಯನ್ನು ನಂಬಿಯೇ ಕಳುಹಿಸುತ್ತಾನೆ.

ಕೆಲವು ದೇಶಗಳಲ್ಲಿ ಈ ನಂಬಿಕೆ ಉಳಿಯುತ್ತದೆ, ಕೆಲವೆಡೆ ಮುಳುಗುತ್ತದೆ. ಇದಕ್ಕೆ ಕಾರಣವೇನು? ಲಾ ಪೋರ್ಟಾ ಮತ್ತು ಅವರ ಸಹ ಅರ್ಥಶಾಸ್ತ್ರಜ್ಞರು 1998ರಲ್ಲಿ ಕಾನೂನಿನ ಮೂಲದತ್ತ ಗಮನ ಸೆಳೆದರು. ಫ್ರೆಂಚ್ ಪರಂಪರೆಗಿಂತ ಇಂಗ್ಲಿಷ್ ಪರಂಪರೆಯ ದೇಶಗಳಲ್ಲಿ ಹೂಡಿಕೆದಾರನಿಗೆ ಹೆಚ್ಚಿನ ರಕ್ಷಣೆ ಇದೆಯೆಂಬುದು ಅವರ ಅಭಿಮತ. ಇದು ನನಗೆ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ಸಿಂಗಪುರ, ನೈಜೀರಿಯ, ಭಾರತ ಈ ಮೂರಕ್ಕೂ ಇಂಗ್ಲಿಷ್ ಕಾನೂನೇ ತಾಯಿಬೇರು. ಫಲ ಮಾತ್ರ ಒಂದೇ ತೆರನಾಗಿಲ್ಲ.

ಬೋಟ್ಸ್‌ವಾನಾದ ಉದಾಹರಣೆ ಹೆಚ್ಚು ಬೋಧಪ್ರದವಾಗಿದೆ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಕಡುಬಡ ರಾಷ್ಟ್ರಗಳಲ್ಲೊಂದು. ಮರುವರ್ಷವೇ ಒರಾಪಾದಲ್ಲಿ ವಜ್ರದ ನಿಕ್ಷೇಪ ದೊರೆಯಿತು. ಸಿಯೆರಾ ಲಿಯೋನ್‌ನಲ್ಲಿ ವಜ್ರವು ಅಂತರ್ಯುದ್ಧಕ್ಕೆ ಇಂಧನವಾಯಿತು. ಇಲ್ಲಿ ಶಾಲೆ, ರಸ್ತೆಗಳಾಯಿತು. ಪ್ರಥಮ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸರ್ಕಾರ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವರ್ಗಾಯಿಸಿತು. ಒರಾಪಾ ಇದ್ದದ್ದು ಅವರದೇ ಬುಡಕಟ್ಟಿನ ಸೀಮೆಯಲ್ಲಿ ಎಂಬುದು ಗಮನಾರ್ಹ. ಬ್ರಿಟಿಷರಿಗಿಂತ ಮೊದಲೇ ಅಲ್ಲಿ 'ಕ್ಗೋಟ್ಲಾ' ಎಂಬ ಊರ ಸಭೆಯಿತ್ತು. ಅಲ್ಲಿ ಮುಖಂಡನ ಎದುರೇ ಅವನ ನಡೆಯನ್ನು ಟೀಕಿಸಬಹುದಿತ್ತು. ಆಳುವವನೂ ಉತ್ತರದಾಯಿ ಎಂಬ ಈ ಹಳೆಯ ರೂಢಿಯೇ ಸಂವಿಧಾನಕ್ಕೆ ಆಸರೆಯಾಯಿತೆಂದು ನನ್ನ ಎಣಿಕೆ. 2024ರ ಚುನಾವಣೆಯಲ್ಲಿ 58 ವರ್ಷ ಆಳಿದ ಪಕ್ಷ ಸೋತಿತು. ಅಧ್ಯಕ್ಷ ಮಸೀಸಿ ಸೋಲನ್ನೊಪ್ಪಿ ಅಧಿಕಾರ ಹಸ್ತಾಂತರಿಸಿದರು. ಕಳಂಕವೂ ಇಲ್ಲದಿಲ್ಲ. ಕಲಹಾರಿಯಿಂದ ಒಕ್ಕಲೆಬ್ಬಿಸಲಾಗಿದ್ದ ಸ್ಯಾನ್ ಜನರ ಪರ 2006ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಾಗ, ದಾವೆಯಲ್ಲಿ ಹೆಸರಿದ್ದವರಿಗಷ್ಟೇ ಅದು ಅನ್ವಯವೆಂದು ಸರ್ಕಾರ ಹೇಳಿತು.

ಸಿಂಗಪುರದ ದಾರಿ ಬೇರೆ. 1990ರಲ್ಲಿ ಮುಖ್ಯ ನ್ಯಾಯಮೂರ್ತಿಯಾದ ಯಾಂಗ್ ಪುಂಗ್ ಹೌ ಕೆಲವೇ ವರ್ಷಗಳಲ್ಲಿ ಬಾಕಿ ಮೊಕದ್ದಮೆಗಳ ರಾಶಿಯನ್ನು ಕರಗಿಸಿದರು. ಅಲ್ಲಿ ವಿರೋಧಪಕ್ಷದ ನಾಯಕರು ಮಾನನಷ್ಟ ಮೊಕದ್ದಮೆಗಳಲ್ಲಿ ನಲುಗಿದ್ದೂ ನಿಜ. ವರ್ತಕನಿಗೆ ಸಿಕ್ಕ ಭರವಸೆ ಟೀಕಾಕಾರನಿಗೆ ಸಿಗಲಿಲ್ಲ.

ಇನ್ನು ನಮ್ಮ ಮಾತು. ನಮ್ಮಲ್ಲಿ ಕಾಯಿದೆಗೆ ಬರವಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಐತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ. 75ರಷ್ಟು ಠೇವಣಿ ಇಡಬೇಕು. ಇಷ್ಟಾದರೂ ನನ್ನ ಪುಟ್ಟ ಕಾರ್ಖಾನೆ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಪೂರೈಸಿದ ಬಿಡಿಭಾಗಗಳ ಹಣಕ್ಕಾಗಿ ಆರು ವರ್ಷ ಅಲೆಯಬೇಕಾಯಿತು. ಐತೀರ್ಪು ನಮ್ಮ ಪರವಾಗಿಯೇ ಬಂದಿತು. ಸಂಸ್ಥೆ ಮೇಲ್ಮನವಿಯ ಮೇಲೆ ಮೇಲ್ಮನವಿ ಹೂಡಿತು. ಹಣ ಕೈಸೇರುವ ವೇಳೆಗೆ ಎರಡು ಯಂತ್ರಗಳನ್ನು ಮಾರಿಯಾಗಿತ್ತು. "ನಾನೇ ಒಪ್ಪಿ ಹಣ ಕೊಟ್ಟರೆ ನಾಳೆ ಲೆಕ್ಕಪರಿಶೋಧನೆಯವರು ನನ್ನನ್ನು ಕೇಳುತ್ತಾರೆ, ನ್ಯಾಯಾಲಯ ಹೇಳಿದರೆ ಯಾರೂ ಕೇಳುವುದಿಲ್ಲ" ಎಂದು ಅಲ್ಲಿನ ಅಧಿಕಾರಿಯೊಬ್ಬರು ಒಮ್ಮೆ ಚಹಾ ಕುಡಿಯುತ್ತ ಹೇಳಿದರು. ಅವರು ಕೆಟ್ಟವರೇನಲ್ಲ. ಹಣ ಪಾವತಿಸಿದ ಅಧಿಕಾರಿಯನ್ನು ಪ್ರಶ್ನಿಸುವ ವ್ಯವಸ್ಥೆ, ಸೋಲುವುದು ಖಚಿತವಿದ್ದೂ ಮೇಲ್ಮನವಿ ಹೂಡಿದವರನ್ನು ಪ್ರಶ್ನಿಸುವುದಿಲ್ಲ. ಅನಗತ್ಯ ಮೇಲ್ಮನವಿಯಿಂದ ಬೆಳೆದ ಬಡ್ಡಿಯನ್ನು ಅದಕ್ಕೆ ಸಹಿ ಹಾಕಿದವರ ಹೆಸರಿನಲ್ಲಿ ದಾಖಲಿಸಬೇಕೆಂದು ನಮ್ಮ ಮಂಡಳಿಯು ಸರ್ಕಾರಕ್ಕೆ ಸಲ್ಲಿಸುವ ಮುಂದಿನ ಮನವಿಪತ್ರದಲ್ಲಿ ಒತ್ತಾಯಿಸಲಿ.