ಸರ್ಟಿಫಿಕೇಟು ಬಿಡಿ, ಯಂತ್ರದಲ್ಲಿ ಕೈ ಎಷ್ಟು ಹೊತ್ತು?

ಕಳೆದ ವರ್ಷ ಸುಲಿಯುವ ಹೊತ್ತಿಗೇ ನಮ್ಮ ಅಡಿಕೆ ಸುಲಿಯುವ ಯಂತ್ರದ ಹಲ್ಲಿನ ಚಕ್ರ ಸವೆದು ಯಂತ್ರ ನಿಂತಿತು. ಅಂಗಡಿಯವರು, "ಬಿಡಿಭಾಗ ಹೊರಗಿಂದ ಬರಬೇಕು, ಹದಿನೈದು ದಿನ ಆದೀತು" ಎಂದರು. ಒಣಗಿದ ಅಡಿಕೆ ಅಟ್ಟದಲ್ಲಿ, ಸುಲಿಯಲು ಜನ ಇಲ್ಲ. ರಜೆಯಲ್ಲಿ ಬಂದಿದ್ದ ತಂಗಿಯ ಮಗ ಚಕ್ರವನ್ನು ಬಿಚ್ಚಿ, ಚೀಲದಿಂದ ವರ್ನಿಯರ್ ತೆಗೆದು ಅಳೆದ. ಹಲ್ಲು ಎಣಿಸಿದ. ಕಾಗದದಲ್ಲಿ ಚಿತ್ರ ಬರೆದ. "ಮಾವ, ಪೇಟೆಯಲ್ಲಿ ಮಿಲ್ಲಿಂಗ್ ಮೆಷಿನ್ ಇರುವ ವರ್ಕ್‌ಶಾಪ್ ಉಂಟಲ್ಲ, ಅಲ್ಲಿಗೆ ಹೋಗುವ" ಎಂದ. ಮರುದಿನ ಸಂಜೆಗೆ ಯಂತ್ರ ತಿರುಗಿತು.

ಈ ಹುಡುಗನನ್ನೇ ಐದು ವರ್ಷದ ಹಿಂದೆ ನಾವೆಲ್ಲ 'ಓದು ತಲೆಗೆ ಹತ್ತದವನು' ಎಂದು ಬದಿಗೆ ಸರಿಸಿದ್ದೆವು. ಎಸ್ಸೆಸ್ಸೆಲ್ಸಿ ಹೇಗೋ ಪಾಸು. ಭಾವ ಅವನನ್ನು ಸರಕಾರಿ ಟೂಲ್ ರೂಮ್‌ಗೆ, ಅಂದರೆ ಜಿಟಿಟಿಸಿಗೆ ಸೇರಿಸುತ್ತೇನೆಂದಾಗ ನಾನು ನಕ್ಕಿದ್ದೆ. ನನ್ನ ಮಗನನ್ನು ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಜಂಬ ನನಗೆ. ಅವನು ಮೆಕ್ಯಾನಿಕಲ್ ಮುಗಿಸಿ ಈಗ ಬೆಂಗಳೂರಿನ ಆಫೀಸೊಂದರಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದಲ್ಲಿ ಲೇತ್ ಯಂತ್ರವನ್ನು ಒಬ್ಬನೇ ನಡೆಸಿದ್ದು ಎಷ್ಟು ಸಲ ಅಂತ ಕೇಳಿದರೆ ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ. ಸೇರಿಸುವ ಮೊದಲು ನಾನು ಆ ಪ್ರಶ್ನೆ ಕೇಳಲೇ ಇಲ್ಲ.

ಯಂತ್ರದ ಕೆಲಸ ಎಂದರೆ ಮಸಿ, ಗ್ರೀಸು ಎಂಬ ಕಲ್ಪನೆ ನಮ್ಮದು. ಈಗಿನದು ಬೇರೆ. ಸಿಎನ್‌ಸಿ ಯಂತ್ರಕ್ಕೆ ಉಳಿ ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂದು ಅಂಕಿಗಳಲ್ಲಿ ಬರೆದು ಕೊಡಬೇಕು. ಅದು ಹಾಗೆಯೇ ಕೊರೆಯುತ್ತದೆ. ಆದರೆ ಉಳಿ ಸವೆದದ್ದು, ಸದ್ದು ಬದಲಾದದ್ದು ಗೊತ್ತಾಗಬೇಕಾದ್ದು ಮನುಷ್ಯನಿಗೆ. ಲೆಕ್ಕ ಒಂದು ಮಿಲ್ಲಿಮೀಟರಿನ ನೂರನೇ ಒಂದು ಪಾಲಿನಲ್ಲಿ. ನಮ್ಮ ತಲೆಗೂದಲಿನ ದಪ್ಪವೇ ಅದರ ಐದಾರು ಪಟ್ಟು ಇರುತ್ತದೆ!

ಇದು ನಮಗೆ ದೂರದ ವಿಷಯವೂ ಅಲ್ಲ. ತೋಟದ ಹನಿ ನೀರಾವರಿಯ ಡ್ರಿಪ್ಪರ್ ತೆಗೆದುಕೊಳ್ಳಿ. ಉಕ್ಕಿನ ಅಚ್ಚಿನೊಳಗೆ ಕಾದ ಪ್ಲಾಸ್ಟಿಕ್ ಒತ್ತಿ ಅದನ್ನು ಮಾಡುತ್ತಾರೆ. ಅಚ್ಚಿನಲ್ಲಿ ತುಸು ಏರುಪೇರಾದರೆ ಒಂದು ಗಿಡಕ್ಕೆ ನೀರು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹಾಳೆತಟ್ಟೆ ಒತ್ತುವ ಅಚ್ಚೂ ಅಷ್ಟೇ. ಇಂಥ ಅಚ್ಚು ಮಾಡುವುದೇ ಟೂಲ್ ಅಂಡ್ ಡೈ ವಿದ್ಯೆ.

ಕಲಿಯಲು ದಾರಿಗಳಿವೆ. ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಈಗ ಮಂಗಳೂರು, ಮೈಸೂರು, ಹಾಸನ, ಹುಬ್ಬಳ್ಳಿ, ಬೆಳಗಾವಿ ಸೇರಿ ಹಲವು ಕಡೆ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ: ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್ ಎರಡು ವರ್ಷ. ರಾಜ್ಯದ 150 ಸರಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದ್ದಾರೆ. ಐಟಿಐ ಮುಗಿಸಿದ ಮೇಲೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಬಹುದು. 1961ರ ಕಾಯಿದೆ ಪ್ರಕಾರ ಅದಕ್ಕೆ ಮಾಸಿಕ ಭತ್ಯೆಯೂ ಉಂಟು.

ಆದರೆ ಬೋರ್ಡು ನೋಡಿ ಮರುಳಾಗಬೇಡಿ. ನಮ್ಮ ನೆರೆಯ ಹುಡುಗನೊಬ್ಬ ಪೇಟೆಯ ಖಾಸಗಿ ಸಂಸ್ಥೆಯೊಂದಕ್ಕೆ 'ಸಿಎನ್‌ಸಿ ಕೋರ್ಸ್' ಅಂತ ದುಡ್ಡು ಕಟ್ಟಿದ. ಆರು ತಿಂಗಳು ಕಂಪ್ಯೂಟರ್ ಪರದೆಯಲ್ಲಿ ಚಿತ್ರ ತೋರಿಸಿ ಸರ್ಟಿಫಿಕೇಟು ಕೊಟ್ಟು ಕಳಿಸಿದರು. ಕಬ್ಬಿಣದ ಚೂರು ಹಾರಿದ್ದನ್ನೇ ಅವನು ಕಂಡಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಒಂದು ಕೆಲಸದ ದಿನ ಹೋಗಿ ನೋಡಿ. ಯಂತ್ರ ತಿರುಗುತ್ತಿದೆಯೋ, ಬಟ್ಟೆ ಮುಚ್ಚಿ ಇಟ್ಟಿದ್ದಾರೋ? ಒಂದು ಯಂತ್ರಕ್ಕೆ ಎಷ್ಟು ಹುಡುಗರು? ವಾರಕ್ಕೆ ಎಷ್ಟು ಗಂಟೆ ಅವರ ಕೈ ಯಂತ್ರದಲ್ಲಿ? ಕಳೆದ ವರ್ಷ ಕಲಿತು ಹೋದವನ ಫೋನ್ ನಂಬರು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆ ಬನ್ನಿ.

ಕೆಲಸಕ್ಕೆ ಸೇರಿದ ಕೂಡಲೇ ಹೊಳೆ ಹರಿಯುತ್ತದೆಂದೂ ತಿಳಿಯಬೇಡಿ. ನನ್ನ ಅಳಿಯನಿಗೆ ಸದ್ಯ ಬಾಡಿಗೆ, ಊಟ ಕಳೆದು ಉಳಿಯುವುದು ಸ್ವಲ್ಪವೇ. ರಾತ್ರಿ ಪಾಳಿ ಉಂಟು, ದಿನವಿಡೀ ನಿಂತೇ ಕೆಲಸ. ಗುತ್ತಿಗೆಯಲ್ಲಿ ಸೇರಿಸಿಕೊಂಡು ಬಟನ್ ಒತ್ತುವುದಕ್ಕಷ್ಟೇ ಇಟ್ಟುಕೊಳ್ಳುವ ಕಡೆಗಳೂ ಇವೆಯೆಂದು ಅವನೇ ಹೇಳುತ್ತಾನೆ. ಪ್ರೋಗ್ರಾಂ ಬರೆಯಲು, ಉಳಿ ಜೋಡಿಸಿ ಸೆಟ್ಟಿಂಗ್ ಮಾಡಲು ಬಂದವನಿಗೆ ಮಾತ್ರ ಮುಂದೆ ದಾರಿ.

"ಹೀಗೆ ಎಲ್ಲರನ್ನೂ ಕಾರ್ಖಾನೆಗೆ ಕಳಿಸಿದರೆ ತೋಟ ಯಾರು ನೋಡುವುದು ಮಾರಾಯ್ರೆ?" ಎಂದು ಕೇಳುವವರಿದ್ದೀರಿ. ಎರಡೆಕರೆಯಲ್ಲಿ ಇಬ್ಬರು ಗಂಡುಮಕ್ಕಳು ಪಾಲು ಮಾಡಿಕೊಂಡರೆ ಇಬ್ಬರಿಗೂ ಸಾಲದು. ಒಬ್ಬನಿಗಾದರೂ ಕೈಕೆಲಸ ಗೊತ್ತಿದ್ದರೆ ತೋಟವೂ ಉಳಿದೀತು. ಹೆಣ್ಣುಮಕ್ಕಳನ್ನೂ ಮರೆಯಬೇಡಿ, ಈ ಕೆಲಸಕ್ಕೆ ಬೇಕಾದ್ದು ತೋಳ್ಬಲಕ್ಕಿಂತ ಲೆಕ್ಕ ಮತ್ತು ತಾಳ್ಮೆ. ಹತ್ತು ವರ್ಷ ಪಳಗಿದವನು ಊರಿಗೆ ಮರಳಿ ಸಣ್ಣ ವರ್ಕ್‌ಶಾಪ್ ಹಾಕಿದರೆ, ನಮ್ಮ ಸುಲಿಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ, ಸ್ಪ್ರೇಯರ್‌ಗಳಿಗೆ ಹದಿನೈದು ದಿನ ಕಾಯುವ ಗತಿ ತಪ್ಪೀತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಗಡಿಬಿಡಿ ಮಾಡುವ ಬದಲು ಈಗಲೇ ಒಂದು ದಿನ ಮಗುವನ್ನು ಕರಕೊಂಡು ಹತ್ತಿರದ ಟೂಲ್ ರೂಮ್‌ಗೋ ಐಟಿಐಗೋ ಹೋಗಿ ಬನ್ನಿ. ನಾನು ಮಗನ ಮಟ್ಟಿಗೆ ಮಾಡದ ಕೆಲಸ ಅದು. ಅದಕ್ಕೇ ಬರೆದೆ.