ಮಣ್ಣಿನ ಅಂಕಪಟ್ಟಿ

ನಮ್ಮ ಕಾಲೇಜಿನ ಮುಂದಿನ ಹುಲ್ಲುಹಾಸನ್ನು ತುಳಿಯದ ವಿದ್ಯಾರ್ಥಿಯಿಲ್ಲ. ಧ್ವಜಸ್ತಂಭದ ಎರಡು ಬದಿಗೂ ಹಬ್ಬಿರುವ ಆ ಗರಿಕೆಯ ಮೇಲೆ ಕುಳಿತು ನಾವು ಓದಿದ್ದುಂಟು, ಹರಟಿದ್ದುಂಟು, ಪರೀಕ್ಷೆಯ ಹಿಂದಿನ ದಿನ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡದ್ದೂ ಉಂಟು. ಈ ವರ್ಷ ಕಾಲೇಜು ತೆರೆದಾಗ ಆ ಹುಲ್ಲು ಹಳದಿಯಾಗಿತ್ತು. ಮಳೆ ಬಂದರೆ ಸರಿಹೋದೀತೆಂದು ಕಾದೆವು. ಮಳೆ ಬಂದಿತು, ಹಳದಿ ಹೋಗಲಿಲ್ಲ.

ಮನೆಯಲ್ಲೊಬ್ಬರು ಮಲಗಿದರೆ ನೋಡಲು ಬಂದ ನೆಂಟರೆಲ್ಲ ವೈದ್ಯರಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ ಆಯಿತು. ನೀರು ಸಾಲದೆಂದರು ಕೆಲವರು, ಗೆದ್ದಲೆಂದರು ಕೆಲವರು. ಕೊನೆಗೆ ಎಲ್ಲರೂ ಒಪ್ಪಿದ ಮದ್ದು ಯೂರಿಯಾ. ಮಾಲಿಯವರು ಎರಡು ಬಾರಿ ಎರಚಿದರು. ಹುಲ್ಲು ಉದ್ದವಾಯಿತೇ ಹೊರತು ಹಸಿರಾಗಲಿಲ್ಲ. ಗೊಬ್ಬರ ಹೆಚ್ಚಾಗಿ ಬಿದ್ದ ಕಡೆಗಳಲ್ಲಿ ಸುಟ್ಟು ಕಂದಾಯಿತು.

ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಹುಲ್ಲು ನನಗೊಂದು ಪಾಠ ಕಲಿಸಿತು. ಮಣ್ಣಿಗೆ ಏನು ಬೇಕೆಂಬುದನ್ನು ಮೊದಲು ಮಣ್ಣನ್ನೇ ಕೇಳಬೇಕು; ಅದು ಕೊಟ್ಟ ಉತ್ತರವನ್ನು ಓದಿ ಅದರಂತೆ ನಡೆಯಬೇಕು. ಮೊದಲನೆಯದು ಸುಲಭ. ಎರಡನೆಯದನ್ನು ನಾವು ಮಾಡುತ್ತಿಲ್ಲ. ಇದೇ ನನ್ನ ಅಭಿಪ್ರಾಯ.

ಗುರುಗಳೊಬ್ಬರ ಸೂಚನೆಯಂತೆ ನಾವು ನಾಲ್ವರು ಮಣ್ಣು ತೆಗೆದೆವು. ಒಂದೇ ಕಡೆ ಒಂದು ಹಿಡಿ ತೆಗೆದರೆ ಸಾಲದು. ಹಾಸಿನ ಉದ್ದಕ್ಕೂ ಅಂಕುಡೊಂಕಾಗಿ ನಡೆದು, ಮರದ ಬುಡ, ದಾರಿಯ ಅಂಚು, ಗೊಬ್ಬರದ ಗುಂಡಿಯ ಸಮೀಪ ಬಿಟ್ಟು, ಹತ್ತು ಕಡೆ ಹುಲ್ಲನ್ನು ಸರಿಸಿ ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆಯಬೇಕು. ತುಕ್ಕು ಹಿಡಿದ ತಗಡಿನ ಬಕೆಟ್ಟಿಗೆ ಹಾಕಬಾರದು. ಹಾಕಿದರೆ ಮಣ್ಣಿನ ಕಬ್ಬಿಣ, ಸತುಗಳ ಲೆಕ್ಕ ಕೆಡುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಾದ ಎರಡು ಭಾಗಗಳನ್ನು ಬಿಟ್ಟು, ಉಳಿದುದನ್ನು ಮತ್ತೆ ಹಾಗೆಯೇ ಮಾಡುತ್ತ ಅರ್ಧ ಕೆ.ಜಿ.ಗೆ ಇಳಿಸಬೇಕು. ಅದನ್ನು ನೆರಳಿನಲ್ಲಿ ಒಣಗಿಸಿ, ಚೀಟಿಯೊಡನೆ ಬಟ್ಟೆಯ ಚೀಲದಲ್ಲಿ ಕಟ್ಟಿ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಬಂದೆವು.

ಫಲಿತಾಂಶ ಬಂದಾಗ ನಮಗೆ ಆಶ್ಚರ್ಯ ಕಾದಿತ್ತು. ಸಾರಜನಕ ಮಧ್ಯಮ, ಪೊಟ್ಯಾಷ್ ಮಧ್ಯಮ. ವರ್ಷವರ್ಷವೂ ಡಿಎಪಿ ಸುರಿದುದರಿಂದ ರಂಜಕವು ಬೇಕಾದುದಕ್ಕಿಂತ ಹೆಚ್ಚು. ಆದರೆ ರಸಸಾರ 8.3, ಮಣ್ಣು ಕ್ಷಾರವಾಗಿತ್ತು. ಸಸ್ಯಕ್ಕೆ ದೊರೆಯುವ ಕಬ್ಬಿಣ ಹತ್ತು ಲಕ್ಷ ಭಾಗ ಮಣ್ಣಿನಲ್ಲಿ 4.5 ಭಾಗವಾದರೂ ಇರಬೇಕಾದ ಕಡೆ 2.3 ಮಾತ್ರ ಇತ್ತು.

ನಮ್ಮದು ಕೆಂಪು ಮಣ್ಣು. ಆ ಕೆಂಪು ಬಂದದ್ದೇ ಕಬ್ಬಿಣದಿಂದ. ಅಂಥ ಮಣ್ಣಿನಲ್ಲಿ ಹುಲ್ಲಿಗೆ ಕಬ್ಬಿಣದ ಬರವೇ? ಹೌದು. ಕೊಳವೆಬಾವಿಯ ಗಡಸು ನೀರು, ಕಟ್ಟಡ ಕಟ್ಟಿದಾಗ ಹೂತುಹೋದ ಸುಣ್ಣ ಸಿಮೆಂಟಿನ ಚೂರುಗಳು ಮಣ್ಣನ್ನು ಕ್ಷಾರ ಮಾಡುತ್ತವೆ. ಕ್ಷಾರ ಹೆಚ್ಚಿದಂತೆ ಕಬ್ಬಿಣವು ಬೇರು ಹೀರಲಾಗದ ರೂಪಕ್ಕೆ ತಿರುಗುತ್ತದೆ. ರಂಜಕದ ಅತಿರೇಕವೂ ಅದಕ್ಕೆ ಜೊತೆಗೂಡುತ್ತದೆ. ತುಂಬಿದ ಕಣಜದ ಬಾಗಿಲಿಗೆ ಬೀಗ ಬಿದ್ದಂತೆ. ಹುಲ್ಲು ಇದನ್ನು ಆಗಲೇ ಹೇಳುತ್ತಿತ್ತು. ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆ ಹಳದಿಯಾಗುತ್ತದೆ. ಕಬ್ಬಿಣ ಕಡಿಮೆಯಾದರೆ ಎಳೆಯ ಎಲೆ, ಅದರಲ್ಲಿಯೂ ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ. ನಮ್ಮ ಕಣ್ಣಿಗೆ ಅದು ತಿಳಿಯಲಿಲ್ಲ.

ಬೆಳೆಯ ಏಳಿಗೆಗೆ ಮಿತಿ ಹಾಕುವುದು ಹೇರಳವಾಗಿರುವ ಪೋಷಕಾಂಶವಲ್ಲ, ಎಲ್ಲಕ್ಕಿಂತ ಕೊರತೆಯಾಗಿರುವುದು. 19ನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಹೇಳಿ, ಯೂಸ್ಟಸ್ ಫಾನ್ ಲೀಬಿಗ್ ಪ್ರಸಿದ್ಧಿಗೆ ತಂದ ನಿಯಮವಿದು. ಕನ್ನಡದಲ್ಲಿ ತೊಂಬತ್ತು ಅಂಕ ಬಂದರೂ ಇಂಗ್ಲಿಷಿನಲ್ಲಿ ನಪಾಸಾದವನ ಗತಿ ಏನೆಂಬುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಡಿಎಪಿ ನಿಂತಿತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಎಂದರೆ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆಯ ಹೊತ್ತು ಸಿಂಪಡಿಸಿದೆವು. ಹದಿನೈದು ದಿನಕ್ಕೆ ಮತ್ತೊಮ್ಮೆ. ಕಲ್ಲುಹಾಸಿಗೆ ಬಿದ್ದ ಕಡೆ ತುಕ್ಕಿನ ಕಲೆಯಾದುದು ನಮ್ಮ ತಪ್ಪು. ಹುಲ್ಲು ಮಾತ್ರ ಹಸಿರಾಯಿತು. ಆದರೆ ಇದು ತಾತ್ಕಾಲಿಕ ಶಮನ. ಕ್ಷಾರ ಇಳಿಯಬೇಕಾದರೆ ವರ್ಷವರ್ಷವೂ ಚೆನ್ನಾಗಿ ಕಳಿತ ಗೊಬ್ಬರವನ್ನು ತೆಳುವಾಗಿ ಹರಡಬೇಕು, ಪ್ರಯೋಗಾಲಯ ಹೇಳಿದ ಪ್ರಮಾಣದಲ್ಲಿ ಗಂಧಕ ಕೊಡಬೇಕು, ಸಾಧ್ಯವಾದಷ್ಟು ಮಳೆಯ ನೀರನ್ನು ಹಿಡಿದು ಬಳಸಬೇಕು.

ಇಷ್ಟಾದ ಮೇಲೆ ದಸರೆಯ ರಜೆಗೆ ಊರಿಗೆ ಹೋದೆ. ನಮ್ಮ ತಂದೆಯವರಿಗೆ ಓದು ಬರಹ ಬಾರದು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹುಲ್ಲಿನ ಕಥೆ ಹೇಳಿದಾಗ ಅವರು ಎದ್ದು ಹೋಗಿ, ಪಹಣಿ, ಪಡಿತರ ಚೀಟಿಗಳಿದ್ದ ಟ್ರಂಕಿನಿಂದ ಒಂದು ಕಾಗದ ತಂದರು. ನಮ್ಮ ಹೊಲದ ಮಣ್ಣು ಆರೋಗ್ಯ ಚೀಟಿ!

“ಇದು ಯಾವಾಗ ಬಂತಪ್ಪಾ?” ಎಂದೆ.

“ನೀನು ಪಿ.ಯು.ಸಿ.ಲಿದ್ದಾಗ. ನಿನ್ ಕೈಲಿ ಓದಿಸ್ಬೇಕು ಅಂತ ಮಡಗಿದ್ದೆ. ನೀನು ಬಂದಾಗ್ಲೆಲ್ಲ ಪರೀಕ್ಷೆ ಅಂತಿದ್ದೆ. ಮರ್ತೇ ಹೋಯ್ತು.”

ಅದರಲ್ಲಿ ಸತು ಕಡಿಮೆಯೆಂದು ಸ್ಪಷ್ಟವಾಗಿ ಬರೆದಿತ್ತು. ಮುಸುಕಿನ ಜೋಳದ ಎಳೆಯ ಗಿಡಗಳಲ್ಲಿ ಬಿಳಿಯ ಪಟ್ಟಿ ಮೂಡುವುದನ್ನು ನಮ್ಮ ತಂದೆ ಪ್ರತಿವರ್ಷ ನೋಡುತ್ತಿದ್ದರು. ಪ್ರತಿವರ್ಷ ಯೂರಿಯಾ ಹೆಚ್ಚಿಸುತ್ತಿದ್ದರು. ಸರ್ಕಾರದ ಸಹಾಯಧನದಿಂದಾಗಿ 45 ಕೆ.ಜಿ. ಚೀಲ 270 ರೂಪಾಯಿಯೊಳಗೆ ಬರುವಾಗ ಬಡವನ ಕೈ ಬೇರೆಲ್ಲಿಗೆ ಹೋದೀತು? ತಪ್ಪು ಅವರದಲ್ಲ. ಓದಬಲ್ಲವನೊಬ್ಬನು ಮನೆಯಲ್ಲಿದ್ದೂ ಓದಲಿಲ್ಲ.

ಹಿರಿಯರ ಅನುಭವದ ಮುಂದೆ ಈ ಕಾಗದವೇನು ಮಹಾ ಎಂದು ಕೆಲವರು ಕೇಳುತ್ತಾರೆ. ಹಿರಿಯರು ಮಣ್ಣಿನ ಹದ ಬಲ್ಲರು, ಮಳೆಯ ಗಾಳಿ ಬಲ್ಲರು. ರಸಸಾರವನ್ನು ಯಾರ ಕಣ್ಣೂ ಕಾಣದು. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಗಾಗಿ ರೈತರ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ಕಂಡಿತು. ಇನ್ನು ಕೆಲವರು ಚೀಟಿ ತಮ್ಮ ಹೊಲದ್ದೇ ಅಲ್ಲವೆನ್ನುತ್ತಾರೆ. ಈ ಮಾತಿನಲ್ಲಿ ಹುರುಳುಂಟು. 2015ರಲ್ಲಿ ಆರಂಭವಾದ ಈ ಚೀಟಿಯ ಯೋಜನೆಯಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಕ್ರಮವಿತ್ತು. ಹೀಗೆ ನೆರೆಯವನ ಮಣ್ಣಿನ ಅಂಕ ನಮ್ಮ ಪಟ್ಟಿಗೆ ಬಂದಿರಲೂಬಹುದು. ಅದಕ್ಕೆ ಪರಿಹಾರ ಚೀಟಿಯನ್ನು ಎಸೆಯುವುದಲ್ಲ, ನಮ್ಮ ಮಣ್ಣನ್ನು ನಾವೇ ಒಯ್ದು ಕೊಡುವುದು. ನಾನು ಹಾಗೆಯೇ ಮಾಡಿದೆ. ಹೊಸ ಪರೀಕ್ಷೆಯಲ್ಲಿಯೂ ಸತು ಕಡಿಮೆಯೇ. ಮುಂದಿನ ಮುಂಗಾರಿಗೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟನ್ನು, ಡಿಎಪಿಯೊಡನೆ ಬೆರೆಸದೆ, ಪ್ರತ್ಯೇಕವಾಗಿ ಹಾಕುವುದೆಂದು ನಿಶ್ಚಯಿಸಿದ್ದೇವೆ. ಫಲವನ್ನು ಮುಂದೆ ನೋಡಬೇಕು.

ನಮ್ಮ ಕಾಲೇಜಿನಲ್ಲಿ ರೈತರ ಮಕ್ಕಳು ಬಹಳ ಮಂದಿ ಇದ್ದಾರೆ. ಬೇಸಗೆ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹೊಲದ ಅರ್ಧ ಕೆ.ಜಿ. ಮಣ್ಣನ್ನು ಪರೀಕ್ಷೆಗೆ ಕೊಡಲಿ. ಫಲಿತಾಂಶ ಬಂದಾಗ ವಾಚನಾಲಯದಲ್ಲಿ ಒಂದು ಸಂಜೆ ಕುಳಿತು ಅದನ್ನು ಓದಿ, ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಮನೆಗೆ ಹೋಗಿ ಹೇಳೋಣ. ಗುರುಗಳು ಮಾರ್ಗದರ್ಶನ ಮಾಡಬೇಕೆಂದು ವಿನಂತಿ. ನಮ್ಮ ಅಂಕಪಟ್ಟಿಯನ್ನು ಓದಲಾಗದಿದ್ದರೂ ಅದನ್ನು ಊರಿಗೆಲ್ಲ ತೋರಿಸಿ ಹಿಗ್ಗಿದವರು ನಮ್ಮ ತಂದೆತಾಯಿಗಳು. ಅವರ ಮಣ್ಣಿನ ಅಂಕಪಟ್ಟಿಯನ್ನು ಓದಿ ಹೇಳುವಷ್ಟು ಋಣವಾದರೂ ನಮ್ಮ ಮೇಲಿಲ್ಲವೇ?