ಅಡುಗೆಕಟ್ಟೆ ಅಳೆದು ಮಣೆ ಮಾಡೋಣ

ಬಾಡಿಗೆ ಮನೆಯ ಅಡುಗೆಕಟ್ಟೆಯಲ್ಲಿ ಸ್ಟೌವ್ ಇಟ್ಟರೆ ಉಳಿಯುವುದು ಮೊಳದಷ್ಟು ಜಾಗ. ಅಂಗಡಿಯ ದೊಡ್ಡ ಕಟಿಂಗ್ ಬೋರ್ಡ್ ಅಲ್ಲಿ ಹಿಡಿಯದೆ ಎಷ್ಟೋ ತಾಯಂದಿರು ನೆಲದಲ್ಲೇ ಕುಳಿತು ತರಕಾರಿ ಹೆಚ್ಚುತ್ತಾರೆ. ಜಾಗಕ್ಕೆ ತಕ್ಕ ಮಣೆಯನ್ನು ವಿದ್ಯಾರ್ಥಿಗಳಾದ ನಾವೇ ಮಾಡಿಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಬಡಗಿಯ ಬಳಿ ಉಳಿದ, ಚೆನ್ನಾಗಿ ಒಣಗಿದ ಸಾಗುವಾನಿ ತುಂಡು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪವಿದ್ದರೆ ಸಾಕು. ಸ್ಯಾಂಡ್ ಪೇಪರಿನಿಂದ ಉಜ್ಜಿ, ಎರಡೂ ಬದಿಗೆ ಫುಡ್ ಗ್ರೇಡ್ ಮಿನರಲ್ ಆಯಿಲ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ತೇವ ಏರುಪೇರಾಗಿ ಮಣೆ ಬಾಗಬಹುದು. ವಾರ್ನಿಷ್ ಬೇಡ, ಚಾಕು ತಾಗಿ ಅದರ ಚಕ್ಕೆ ಆಹಾರ ಸೇರುತ್ತದೆ. ನೀರಿನಲ್ಲಿ ನೆನೆಹಾಕದೆ, ತೊಳೆದು ನಿಲ್ಲಿಸಿ ಒಣಗಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಹಸಿ ಮಾಂಸಕ್ಕೆ ಮಾತ್ರ ಬೇರೆ ಮಣೆ ಇರಲಿ.

ಅಡುಗೆಮನೆ ನಮ್ಮದಲ್ಲ ಎನ್ನುವ ಹುಡುಗರೇ, ಈ ರಜೆಯಲ್ಲಿ ಟೇಪು ಹಿಡಿದು ಒಳಗೆ ಬನ್ನಿ.